ಕುಮುದಿನಿಬಾಯಿ ಮೈಕು ಹಿಡಿದರೆ

ನಮ್ಮ ಕಡೆ ಕುಸ್ತಿಯ ಹ್ಯಾಂಡ್‌ಬಿಲ್ಲು ಕೈಗೆ ಬಂದರೆ ಜನ ಮೊದಲು ಪೈಲ್ವಾನರ ಹೆಸರು ಓದುವುದಿಲ್ಲ. ಕೆಳಗಿನ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ‘ನಿರೂಪಣೆ’ ಎಂದು ಇರುತ್ತದಲ್ಲ, ಬೆರಳು ನೆಟ್ಟಗೆ ಅಲ್ಲಿಗೇ ಹೋಗುತ್ತದೆ. ಅಲ್ಲಿ ‘ಕುಮುದಿನಿ ದೇಶಪಾಂಡೆ, ಜಮಖಂಡಿ’ ಎಂದಿದ್ದರೆ ಆ ದಿನ ಬನಹಟ್ಟಿಯಲ್ಲಿ ಮಗ್ಗಗಳು ಮಧ್ಯಾಹ್ನಕ್ಕೇ ನಿಲ್ಲುತ್ತವೆ. ಮುಧೋಳದವರು ಟ್ರ್ಯಾಕ್ಟರ್ ತುಂಬ ಬರುತ್ತಾರೆ. ಬೀಳಗಿ ಕಡೆಯ ಹೆಂಗಸರು ಬುತ್ತಿ ಕಟ್ಟಿಕೊಂಡು ಬಂದು ಮುಂದಿನ ಸಾಲು ಹಿಡಿಯುತ್ತಾರೆ. ನಾನು ಬನಹಟ್ಟಿಯ ಒಂದು ಸಹಕಾರಿ ಬ್ಯಾಂಕಿನಲ್ಲಿ ಗುಮಾಸ್ತ. ಗೆಳೆಯ ಅಮೇಯನದು ಔಷಧದ ಅಂಗಡಿ. ಅವನು ಅಂಗಡಿಯನ್ನು ಹೆಂಡತಿಗೆ ಒಪ್ಪಿಸಿ, ನಾನು ಮ್ಯಾನೇಜರರಿಗೆ ಹೊಟ್ಟೆನೋವು ಎಂದು ಹೇಳಿ, ಒಂದೇ ಬೈಕಿನಲ್ಲಿ ಹೊರಟುಬಿಡುತ್ತೇವೆ. ಮ್ಯಾನೇಜರರೂ ಏನೂ ಕೇಳುವುದಿಲ್ಲ. ಅವರನ್ನು ನಾನು ಕಣದ ಆಚೆ ಬದಿಯಲ್ಲಿ ಎಷ್ಟೋ ಸಲ ಕಂಡಿದ್ದೇನೆ.

ಕುಮುದಿನಿಬಾಯಿ ಪೈಲ್ವಾನರ ಮನೆಯವರಲ್ಲ. ಅವರದು ಜಮಖಂಡಿಯ ಹಳೆಯ ವೈದಿಕರ ಮನೆ. ತಂದೆ ಕೀರ್ತನಕಾರರು, ಮನೆಯಲ್ಲಿ ಕನ್ನಡ, ಮರಾಠಿ ಎರಡೂ ನಡೆಯುತ್ತಿದ್ದವು. ತಂದೆ ಒಂದು ಪ್ರಸಂಗವನ್ನು ಎಲ್ಲಿ ಏರಿಸುತ್ತಾರೆ, ಎಲ್ಲಿ ಗಪ್ಪನೆ ನಿಲ್ಲಿಸಿ ಜನರ ಉಸಿರು ಹಿಡಿದಿಡುತ್ತಾರೆ ಎಂಬುದನ್ನು ಆಕೆ ಸಣ್ಣವರಿದ್ದಾಗಲೇ ಕೇಳಿ ಬಲ್ಲರು. ಇನ್ನು ಕುಸ್ತಿ ಬಂದದ್ದು ಅಣ್ಣ ರಘುವೀರನಿಂದ. ಅವನು ಯಾರಿಗೂ ಹೇಳದೆ ಗರಡಿಗೆ ಹೋಗುತ್ತಿದ್ದ. ಅಲ್ಲಿ ಕಲಿತದ್ದನ್ನು ಸಂಜೆ ಮನೆಯ ದಿಂಬುಗಳ ಮೇಲೆ ಪ್ರಯೋಗಿಸುತ್ತಿದ್ದ. ತಂಗಿ ಪಕ್ಕದಲ್ಲಿ ಕೂತು ದಿಂಬು ಸೋತಿತೋ ಅಣ್ಣ ಸೋತನೋ ತೀರ್ಪು ಹೇಳಬೇಕು. ದಿಂಬುಗಳು ಹರಿದು ಹತ್ತಿ ಹಾರಿದ ದಿನ ಇಬ್ಬರಿಗೂ ಅವ್ವನಿಂದ ಏಟು ಬಿದ್ದವು. ಆದರೆ ಅಷ್ಟರಲ್ಲಿ ಹುಡುಗಿಗೆ ಡಾವು-ಪಟ್ಟುಗಳೆಲ್ಲ ಬಾಯಿಪಾಠವಾಗಿದ್ದವು.

ಮುಂದೆ ಕುಮುದಿನಿಬಾಯಿಗೆ ಜಮಖಂಡಿ ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಕೆಲಸ ಸಿಕ್ಕಿತು. ಜಮಖಂಡಿಯಲ್ಲಿ ಕಾಲೇಜು ಓದಿದ ನಮಗೆಲ್ಲ ಅವರ ದನಿ ಪರಿಚಯವಾದದ್ದು ಅಲ್ಲಿಯೇ. ಬೇರೆ ಊರುಗಳಲ್ಲಿ ಮೈಕಿನೊಳಗೆ ಯಾರೋ ನಿದ್ದೆಗಣ್ಣಿನಲ್ಲಿ ಗೊಣಗುತ್ತಾರೆ, ಒಂದೂ ತಿಳಿಯುವುದಿಲ್ಲ. ಇವರದು ಹಾಗಲ್ಲ.

“ಹುನ್ನೂರಿಗೆ ಹೋಗೋ ಅಜ್ಜಾರ, ಕೆಂಪು ರುಮಾಲದವರು, ನಿಮಗ ಹೇಳಾಕತ್ತೇನಿ. ನೀವು ಹತ್ತಿದ್ದು ಬೀಳಗಿ ಗಾಡಿ! ಲಗೂನ ಇಳೀರಿ. ಡ್ರೈವರ ಸಾಹೇಬ್ರ, ತಡೀರಿ, ಗೇರ ಹಾಕಬ್ಯಾಡ್ರಿ, ಅಜ್ಜಾರು ಇಳ್ಯಾಕತ್ತಾರ... ಇಳದರು! ಗೆದ್ದರು!”

ಸ್ಟ್ಯಾಂಡಿಗೆ ಸ್ಟ್ಯಾಂಡೇ ಚಪ್ಪಾಳೆ ತಟ್ಟುತ್ತಿತ್ತು. ಮನೆಯಲ್ಲಿ ವೈದಿಕರ ರೂಢಿಯಂತೆ ‘ಅದ’ ಎನ್ನುವ ಕುಮುದಿನಿಬಾಯಿ, ಮೈಕು ಕೈಗೆ ಬಂದ ಕೂಡಲೇ ಎಲ್ಲರ ಹಾಗೆ ‘ಐತಿ’ ಎನ್ನುತ್ತಿದ್ದರು. ಅದನ್ನು ಯಾರೂ ಅವರಿಗೆ ಕಲಿಸಿರಲಿಲ್ಲ.

ಕಣದ ಮೈಕು ಅವರ ಕೈಗೆ ಬಂದದ್ದು ಹುನ್ನೂರಿನಲ್ಲಿ. ನಾನೂ ಅಮೇಯನೂ ಅಲ್ಲಿದ್ದೆವು, ಅದು ನಮ್ಮ ಭಾಗ್ಯ. ಆ ವರ್ಷ ಕಮಿಟಿಯವರು ದೊಡ್ಡ ಹೆಸರಿನ ನಿರೂಪಕರೊಬ್ಬರನ್ನು ಮಹಾರಾಷ್ಟ್ರದಿಂದ ಕರೆಸಿದ್ದರು. ಬಿಳಿ ಪೈಜಾಮ, ಕೇಸರಿ ಫೇಟ, ಗುಡುಗಿನಂಥ ದನಿ. ಆದರೆ ಬರೀ ಮರಾಠಿ. ಗಡಿಯ ಜನ ಮರಾಠಿ ಬಲ್ಲವರು, ಖರೆ. ಆದರೂ ಅರ್ಧ ಕಣ ಪಿಳಿಪಿಳಿ ಕಣ್ಣು ಬಿಡುತ್ತಿತ್ತು. ಆಗ ತುಬಚಿಯ ಪರಸಪ್ಪ ವಸ್ತಾದ ಎದ್ದು ನಿಂತ.

ವಸ್ತಾದ ಎಂದರೆ ಗರಡಿಯ ಗುರು. ಪೈಲ್ವಾನನನ್ನು ಸಾಕುವವನು, ಪಳಗಿಸುವವನು, ಜೋಡಿ ಕುದುರಿಸುವವನು, ಕಣದಲ್ಲಿ ಅವನ ಪರವಾಗಿ ಬಾಯಿ ಮಾಡುವವನೂ ಅವನೇ. ಪರಸಪ್ಪ ನೋಡಲು ಬಡಕಲು ಆಸಾಮಿ, ಗಾಳಿ ಬಂದರೆ ಹಾರಿಹೋಗುವಂತಿದ್ದ. ಬಾಯಿ ಮಾತ್ರ ಆನೆಗಾತ್ರದ್ದು. ಅವನು ಜನರ ನಡುವೆ ಅಣ್ಣನ ಜೊತೆ ಕೂತಿದ್ದ ಕುಮುದಿನಿಬಾಯಿಯನ್ನು ಗುರುತು ಹಿಡಿದ. ದಿನಾ ತುಬಚಿ ಬಸ್ಸಿಗೆ ಕಾಯುವವನು, ಆ ದನಿ ಅವನಿಗೆ ಗೊತ್ತಿಲ್ಲದೆ ಇರುತ್ತದೆಯೇ?

“ಬಾಯಾರ, ಏಳ್ರಿ! ಈ ಸಾಹೇಬ್ರು ಏನ ಹೇಳಾಕತ್ತಾರ, ನಮ್ಮ ಮಂದಿಗೆ ತಿಳಿಯಂಗ ನೀವು ಹೇಳ್ರಿ.”

“ಅಯ್ಯ, ನಾ ಏನ ಹೇಳ್ಲಿರಿ? ನಾ ಬಸ್ಸಿಂದು ಹೇಳಾಕಿ.”

“ಬಸ್ಸಿನಾಗ ಮಂದೀನ್ನ ಹತ್ತಸ್ತೀರಿ, ಇಳಸ್ತೀರಿ. ಕುಸ್ತ್ಯಾಗೂ ಅಷ್ಟ ಅಲ್ರೀ, ಒಬ್ಬಾಂವ ಮ್ಯಾಲ, ಒಬ್ಬಾಂವ ಕೆಳಗ!”

ಜನ ನಕ್ಕರು. ರಘುವೀರ ತಂಗಿಯ ಬೆನ್ನಿಗೆ ಕೈ ಹಚ್ಚಿ ಮುಂದೆ ನೂಕಿದ. ಮೊದಮೊದಲು ಬಾಯಿ ಆ ಸಾಹೇಬರ ಒಂದೊಂದು ಮಾತನ್ನೂ ಕನ್ನಡಕ್ಕೆ ತಿರುಗಿಸಿದರು. ಸ್ವಲ್ಪ ಹೊತ್ತಿಗೆ ಅವರು ಎರಡು ಮಾತಾಡಿದರೆ ಇವರು ಹತ್ತು ಆಡತೊಡಗಿದರು. ಆಮೇಲೆ ಅವರು ಬಾಯಿ ತೆರೆಯುವ ಮೊದಲೇ ಇವರು, “ನೋಡ್ರಿ, ಈಗ ಕಾಲು ಹೆಣಿತಾನ, ಹೆಣದಾ!” ಎಂದು ಕೂಗಿದರು. ಹೆಣೆದೇಬಿಟ್ಟ! ಕಣವೆಲ್ಲ ಎದ್ದು ನಿಂತಿತು. ಆ ದೊಡ್ಡ ನಿರೂಪಕರು ನಕ್ಕು, ಕೈ ಮುಗಿದು, “ಬಾಯಿ, ಆತಾ ತುಮ್ಹೀಚ ಬೋಲಾ,” ಎಂದರು. ಇನ್ನು ನೀವೇ ಮಾತಾಡಿ ಎಂದು ತಮ್ಮ ಮೈಕನ್ನು ಅವರ ಕೈಗಿಟ್ಟು, ಬೆಲ್ಲದ ಚಹಾ ಕುಡಿಯುತ್ತ ಕೊನೆಯ ಕುಸ್ತಿಯವರೆಗೂ ಕೂತು ಕೇಳಿದರು. ದೊಡ್ಡ ಮನಸ್ಸಿನ ಮನುಷ್ಯ.

ಅಲ್ಲಿಂದ ಶುರುವಾಯಿತು ನೋಡಿ! ಭಾನುವಾರ ಬಂದರೆ ಬಾಯಿ ಒಂದು ಊರು. ರಬಕವಿ, ಚಿಮ್ಮಡ, ಲೋಕಾಪುರ, ಬೀಳಗಿ, ಕರೆದಲ್ಲೆಲ್ಲ ಹೋದರು. ಒಂಬತ್ತು ಗಜದ ಸೀರೆಯಲ್ಲ, ಸಾದಾ ಕಾಟನ್ ಸೀರೆ, ಕಾಲಿಗೆ ಕ್ಯಾನ್ವಾಸ್ ಬೂಟು. ಟ್ರ್ಯಾಕ್ಟರಿನ ಟ್ರೇಲಿಯೇ ಅವರ ವೇದಿಕೆ. ಮತ್ತು ಅವರು ಇದ್ದಲ್ಲಿ ಪರಸಪ್ಪ ಇರಲೇಬೇಕು. ಅವರಿಬ್ಬರ ಮಾತಿನ ಜಟಾಪಟಿ ಕೇಳಲಿಕ್ಕೆಂದೇ ಬರುವ ಜನ ಹುಟ್ಟಿಕೊಂಡರು. ನಾವಿಬ್ಬರೂ ಅದೇ ಗುಂಪಿನವರು. ಪರಸಪ್ಪ ತನ್ನ ಪೈಲ್ವಾನನ ಕೈ ಹಿಡಿದು ಕಣ ಸುತ್ತಿಸುತ್ತ ಕೂಗುವನು:

“ನನ್ನ ಹುಡುಗ ಮುಂಜಾನೆದ್ದು ಒಂದು ಕೊಡ ಹಾಲ ಕುಡಿತಾನ್ರೀ!”

ಟ್ರೇಲಿಯ ಮೇಲಿಂದ ದನಿ ಬರುವುದು: “ವಸ್ತಾದ್ರ, ಹಾಲು ಎಮ್ಮೀ ಕರಾನೂ ಕುಡಿತೈತಿ. ಡಾವು ಏನ ಕಲಿಸೀರಿ, ಅದನ್ನ ಹೇಳ್ರಿ!”

“ಡಾವು ಹೇಳೂದಲ್ರೀ ಬಾಯಾರ, ತೋರಸೂದು!”

“ಹೋದ ವಾರ ಲೋಕಾಪುರದಾಗ ತೋರಸ್ತೇನಿ ಅಂದು ಆಕಾಶ ತೋರಿಸಿದ್ರಿ. ನಿಮ್ಮ ಹುಡುಗ ಮಕ್ಕೊಂಡು ಚುಕ್ಕಿ ಎಣಸಾಕತ್ತಿದ್ದ!”

ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಪರಸಪ್ಪನೂ ನಗು ತಡೆಯಲಾರದೆ ರುಮಾಲಿನಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದ. ಆದರೆ ಕುಸ್ತಿ ಆರಂಭವಾದ ಕೂಡಲೇ ಇಬ್ಬರೂ ಗಂಭೀರ. ಕುಸ್ತಿ ನಡೆದಿರುವಾಗ ಬಾಯಿ ಒಂದು ಸಲವೂ ಸೋಲುತ್ತಿದ್ದವನನ್ನು ಹೀಯಾಳಿಸಿದ್ದನ್ನು ನಾನು ಕೇಳಿಲ್ಲ.

ಈ ಸೊಗಸಿಗೆ ದೃಷ್ಟಿ ತಾಗಿದ್ದು ಚಿಮ್ಮಡದಲ್ಲಿ.

ಬೆಳ್ಳಿ ಗದೆ ಬಹುಮಾನದ ಕುಸ್ತಿ. ಪರಸಪ್ಪನ ಗರಡಿಯ ಗಿರಿಮಲ್ಲಪ್ಪ ಒಂದು ಕಡೆ, ಮುಧೋಳದ ಯುವರಾಜ ಇನ್ನೊಂದು ಕಡೆ. ಗಿರಿಮಲ್ಲಪ್ಪನನ್ನು ಪರಸಪ್ಪ ಹೆತ್ತ ಮಗನಂತೆ ಬೆಳೆಸಿದ್ದ. ಜನ ಮರ ಹತ್ತಿ, ಗೋಡೆ ಹತ್ತಿ, ಕಬ್ಬಿನ ಲಾರಿಯ ಮೇಲೆ ಹತ್ತಿ ಕೂತಿದ್ದರು. ಹಲಗಿ ಬಾರಿಸುವವರ ಕೈ ನಿಲ್ಲುತ್ತಿರಲಿಲ್ಲ. ಬಾಯಿಯ ದನಿ ಹಲಗಿಯ ಮೇಲೆ ಕುಣಿಯುತ್ತಿತ್ತು:

“ಯುವರಾಜ ಕಾಲಿಗೆ ಕೈ ಹಾಕಿದಾ! ಗಿರಿಮಲ್ಲ ಬಿಡವಲ್ಲ... ಬಿಡವಲ್ಲ... ಕುತಗಿ ಸಿಕ್ತು, ಕುತಗಿ! ಅಯ್ಯಯ್ಯ, ತಿರುವಿ ಹಾಕಿದಾ! ಇಬ್ರೂ ಉಳ್ಳಾಕತ್ತಾರ, ಯಾರು ಮ್ಯಾಲ, ಯಾರು ಕೆಳಗ, ಗಿರಿಮಲ್ಲನ ಬೆನ್ನು...”

ಅಷ್ಟರಲ್ಲಿ ಕಣ ಸ್ಫೋಟಿಸಿತು. ಉರುಳಾಟದ ಕೊನೆಗೆ ಗಿರಿಮಲ್ಲಪ್ಪ ಮೇಲಿದ್ದ, ಯುವರಾಜನ ಬೆನ್ನು ಮಣ್ಣಿಗೆ ಅಂಟಿತ್ತು. ತೀರ್ಪು ಕೊಡುವ ಪಂಚರೊಬ್ಬರು ಗಿರಿಮಲ್ಲನ ಕೈ ಎತ್ತಿದರು. ಪರಸಪ್ಪ ರುಮಾಲನ್ನು ಆಕಾಶಕ್ಕೆ ಎಸೆದ. ಆದರೆ ಎದುರು ಬದಿಯ ಪಂಚರು ತಲೆ ಅಲ್ಲಾಡಿಸುತ್ತಿದ್ದರು. ಮುಧೋಳದವರು ಕಣದೊಳಕ್ಕೆ ನುಗ್ಗಿದರು. ಉರುಳುವಾಗ ಮೊದಲು ಮಣ್ಣಿಗೆ ತಾಗಿದ್ದು ಗಿರಿಮಲ್ಲನ ಬೆನ್ನೇ ಎಂದು ಅವರ ವಾದ. ಹಾಗಿದ್ದರೆ ಅಲ್ಲಿಗೇ ಅವನು ಚಿತ್, ಅಂದರೆ ಸೋತ, ಆಮೇಲಿನದು ಲೆಕ್ಕಕ್ಕಿಲ್ಲ. ಪಂಚರಿಬ್ಬರೂ ಕಿತ್ತಾಡಿ ಕೊನೆಗೆ ಟ್ರೇಲಿಯ ಹತ್ತಿರ ಬಂದರು.

“ಬಾಯಾರ, ನೀವು ಎತ್ತರದಾಗ ನಿಂತಿದ್ರಿ. ಏನ ಕಂಡೀರಿ?”

ಪರಸಪ್ಪ ನಗುತ್ತಲೇ ಮೇಲೆ ನೋಡುತ್ತಿದ್ದ. ಬಾಯಿ ಮೈಕನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

“ಗಿರಿಮಲ್ಲಪ್ಪನ ಎರಡೂ ಭುಜ ಮೊದಲ ಹತ್ತಿದುವು. ನಾ ಕಂಡೇನಿ.”

ಪರಸಪ್ಪನ ನಗು ಹಾಗೇ ನಿಂತಿತು. “ಬಾಯಾರ, ನಿಮಗ ಮೈಕ ಕೊಡಿಸಿದಾಂವ ಯಾರು?”

“ನೀವ ಕೊಡಿಸೀರಿ ವಸ್ತಾದ್ರ. ಕಣ್ಣು ಮಾತ್ರ ದೇವರು ಕೊಟ್ಟಾನ.”

ಗದ್ದಲ ಎದ್ದಿತು. ಇನ್ನೇನು ಕೈ ಕೈ ಮಿಲಾಯಿಸಬೇಕು, ಅಷ್ಟರಲ್ಲಿ ಗಿರಿಮಲ್ಲಪ್ಪ ಯಾರನ್ನೂ ಕೇಳದೆ ನಡೆದುಹೋಗಿ ಯುವರಾಜನ ಕೈಯನ್ನು ಮೇಲೆ ಎತ್ತಿದ. ಮಣ್ಣು ಮೆತ್ತಿದ ಆ ಎರಡು ಕೈಗಳನ್ನು ನೋಡಿ ಇಡೀ ಚಿಮ್ಮಡ ಹುಚ್ಚೆದ್ದು ಕೂಗಿತು. ನಾನೂ ಅಮೇಯನೂ ಒಬ್ಬರನ್ನೊಬ್ಬರು ತಬ್ಬಿಕೊಂಡು ಕುಣಿದೆವು. ಗೆದ್ದವನು ನಮ್ಮ ಊರವನಲ್ಲ, ಸೋತವನೂ ಅಲ್ಲ, ಆದರೂ ಕುಣಿದೆವು.

ಪರಸಪ್ಪ ಒಬ್ಬನೇ ರುಮಾಲು ಹುಡುಕಿಕೊಂಡು, ಝಾಡಿಸಿ, ಕಂಕುಳಲ್ಲಿ ಇಟ್ಟುಕೊಂಡ. “ಇವರು ಮೈಕ ಹಿಡಿಯೂ ಕಣಕ್ಕ ನನ್ನ ಹುಡುಗರು ಇಳಿಯೂದಿಲ್ಲ,” ಎಂದು ಹೇಳಿ ಹೊರಟುಹೋದ.

ಆ ಮಾತನ್ನು ಅವನು ನಡೆಸಿಯೂ ನಡೆಸಿದ. ಮುಂದೆ ಎರಡು ವರ್ಷ ಕಮಿಟಿಯವರಿಗೆ ದೊಡ್ಡ ತಲೆನೋವು. ಬಾಯಿ ಬೇಕೆಂದರೆ ತುಬಚಿ ಪೈಲ್ವಾನರಿಲ್ಲ. ಪೈಲ್ವಾನರು ಬೇಕೆಂದರೆ ಬಾಯಿ ಇಲ್ಲ. ಬಾಯಿ ಮೊದಲಿನಂತೆಯೇ ಹೇಳುತ್ತಿದ್ದರು, ಆದರೆ ಕೆಳಗಿನಿಂದ ಉತ್ತರ ಕೊಡುವವರು ಯಾರೂ ಇರಲಿಲ್ಲ. ಒಂದು ಭಾನುವಾರ ನಾನೂ ಅಮೇಯನೂ ಧೈರ್ಯ ಮಾಡಿ ತುಬಚಿಗೇ ಹೋದೆವು. ಪರಸಪ್ಪ ಚುರುಮುರಿ ಕೊಟ್ಟ, ಚಹಾ ಕೊಟ್ಟ, ಹೊಳೆಯ ನೀರು ಎತ್ತಿ ಹರಿಸುವ ಯೋಜನೆ ಎಲ್ಲಿಗೆ ಬಂತೆಂದು ಹೇಳಿದ, ಕಬ್ಬಿನ ಸುದ್ದಿ ಹೇಳಿದ. ಬಾಯಿಯ ಹೆಸರು ಎತ್ತಿದ ಕೂಡಲೇ, “ನಿಮ್ಮ ಗಾಡೀಗೆ ಹೊತ್ತಾತು,” ಎಂದ. ನಾವು ಬೈಕಿನಲ್ಲಿ ಬಂದಿದ್ದೆವು.

ಆದರೆ ಬಸ್ ಸ್ಟ್ಯಾಂಡಿನಲ್ಲಿ ಅವನು ಏನು ಮಾಡಿಯಾನು? ಜಮಖಂಡಿಗೆ ಬಂದವನು ತಿರುಗಿ ಹೋಗಬೇಕಲ್ಲ. ಕಂಟ್ರೋಲ್ ರೂಮಿಗೆ ಬೆನ್ನು ಹಾಕಿ ಕೂರುತ್ತಿದ್ದ. ತುಬಚಿ ಗಾಡಿ ಬಂತೆಂದು ಬಾಯಿ ಮೈಕಿನಲ್ಲಿ ಹೇಳಿದರೆ ತನಗೆ ಕೇಳಿಸಿಯೇ ಇಲ್ಲವೆಂಬಂತೆ ಗೋಡೆಯ ಜಾಹೀರಾತು ಓದುತ್ತಿದ್ದ. ಆ ಹಟದಲ್ಲಿ ಗಾಡಿ ತಪ್ಪಿಸಿಕೊಂಡದ್ದೂ ಉಂಟು. ಒಂದು ಸಂಜೆ ಬಾಯಿಯೂ ತಡೆಯಲಾರದೆ ಹೇಳಿಬಿಟ್ಟರು:

“ತುಬಚಿಗೆ ಹೋಗುವ ಪ್ರಯಾಣಿಕರ ಗಮನಕ್ಕ. ಸಿಟ್ಟು ಇದ್ದವರೂ ಗಾಡಿ ಹತ್ತಬಹುದು. ಇದು ಕೊನೀ ಗಾಡಿ!”

ಸ್ಟ್ಯಾಂಡೆಲ್ಲ ಹೋ ಎಂದಿತು. ಪರಸಪ್ಪ ಎದ್ದು, ಯಾರ ಮುಖವನ್ನೂ ನೋಡದೆ ಹೋಗಿ ಬಸ್ಸು ಹತ್ತಿದ. ಕಿಟಕಿಯ ಪಕ್ಕ ಕೂತವನ ಭುಜಗಳು ಅಲುಗುತ್ತಿದ್ದವು. ನಗುತ್ತಿದ್ದನೆಂದೇ ನನ್ನ ನಂಬಿಕೆ.

ಈ ಗಂಟನ್ನು ಬಿಚ್ಚಿದ್ದು ಪ್ರತಿಮಾ. ಪರಸಪ್ಪನ ಮಗಳು, ಕಾಲೇಜಿನ ಹುಡುಗಿ. ಅಪ್ಪನ ಗರಡಿಯಲ್ಲೇ ಬೆಳೆದವಳು; ಪರಸಪ್ಪ ಊರವರ ಮಾತಿಗೆ ಕಿವಿಗೊಡದೆ ಅವಳನ್ನೂ ಮಣ್ಣಿಗೆ ಇಳಿಸಿದ್ದ. ಬನಹಟ್ಟಿಯ ಕಮಿಟಿಯವರು ಮೊದಲ ಸಲ ಹೆಣ್ಣುಮಕ್ಕಳ ಕುಸ್ತಿ ಇಟ್ಟು, ಬೀಳಗಿ ಕಡೆಯ ಶೇವಂತಿ ಎಂಬ ಹುಡುಗಿಗೆ ಜೋಡಿಯಾಗಿ ಪ್ರತಿಮಾಳನ್ನು ಕೇಳಿದರು. ಪರಸಪ್ಪ ಹಿಗ್ಗಿಹೋದ. ಒಂದೇ ಶರತ್ತು ಹಾಕಿದ: ಬೇರೆ ನಿರೂಪಕರನ್ನು ಕರೆಸಬೇಕು. ಅದನ್ನು ಕೇಳಿ ಮಗಳು ಖಡಾಖಡಿ ಹೇಳಿದಳಂತೆ, “ಅಪ್ಪಾ, ಸಣ್ಣಾಕಿ ಇದ್ದಾಗಿಂದ ಬಾಯಾರ ದನಿ ಕೇಳಿ ಕುಸ್ತಿ ಕಲತೇನಿ. ನನ್ನ ಕುಸ್ತಿ ಅವರ ಹೇಳಬೇಕು. ಇಲ್ಲಂದ್ರ ನಾ ಕಣಕ್ಕ ಇಳಿಯಾಕಿ ಅಲ್ಲ.”

ಅದಾದ ಕೆಲವೇ ದಿನಕ್ಕೆ ನಾನು ಜಮಖಂಡಿಯಲ್ಲಿ ಬನಹಟ್ಟಿ ಗಾಡಿಗೆ ಕಾಯುತ್ತಿದ್ದೆ. ಪರಸಪ್ಪ ಕಂಟ್ರೋಲ್ ರೂಮಿನ ಕಿಟಕಿಯ ಕಡೆಗೇ ನಡೆದು ಬಂದ. ನಾನು ಮೆಲ್ಲಗೆ ಕಿಟಕಿಯ ಪಕ್ಕಕ್ಕೆ ಸರಿದೆ.

“ಬಾಯಾರ, ತುಬಚಿ ಗಾಡಿ ಎಷ್ಟೊತ್ತಿಗಿ?”

“ಈಗ ಹೋತಲ್ರಿ, ನಿಮ್ಮ ಕಣ್ಣ ಮುಂದ.”

“ಹೋಗ್ಲಿ ಬಿಡ್ರಿ.” ಕಿಟಕಿಯ ಕಟ್ಟೆಗೆ ಕೈ ಊರಿದ. “ನಮ್ಮ ಹುಡಿಗಿ ಕುಸ್ತಿ ಆಡತೈತಿ. ಬನಹಟ್ಟ್ಯಾಗ.”

“ಗೊತ್ತದ. ಛಲೋ ಆಡ್ತಾಳಂತ ಕೇಳೇನಿ.”

“ನೀವು ಬರ್ರಿ. ಏನ ಕಾಣತೈತಿ, ಅದನ್ನ ಹೇಳ್ರಿ. ಬ್ಯಾರೆ ಏನೂ ಬ್ಯಾಡ.”

ಬಾಯಿ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. “ಬರ್ತೀನಿ ವಸ್ತಾದ್ರ. ಅಲ್ಲಿ ಬಂಚಿನ ಮ್ಯಾಲೆ ಕೂಡ್ರಿ, ಚಾ ತರಸ್ತೀನಿ. ಮುಂದಿನ ಗಾಡಿಗೆ ಇನ್ನೂ ಹೊತ್ತದ.”

ನಾನು ಅಲ್ಲಿಂದಲೇ ಅಮೇಯನಿಗೆ ಫೋನು ಮಾಡಿದೆ. ಅವನು ಗಿರಾಕಿಯನ್ನು ಬಿಟ್ಟು ಅಂಗಡಿಯಲ್ಲೇ ಸಿಳ್ಳು ಹೊಡೆದನಂತೆ.

ಬನಹಟ್ಟಿಯ ಆ ದಿನವನ್ನು ಹೇಗೆ ಹೇಳಲಿ! ಕಾಲಿಡಲು ಜಾಗವಿಲ್ಲ. ಮಗ್ಗದವರು, ಬಣ್ಣ ಹಾಕುವವರು, ಸಾಲಿ ಮಕ್ಕಳು, ಕಂಕುಳಲ್ಲಿ ಕೂಸು ಇಟ್ಟುಕೊಂಡ ಹೆಂಗಸರು. ಭಜಿ ಅಂಗಡಿಯವನು ಎಣ್ಣೆಯ ಕೆಳಗೆ ಬೆಂಕಿ ಆರಿಸಿ ತಾನೂ ಸ್ಟೂಲು ಹತ್ತಿ ನಿಂತಿದ್ದ. ಪರಸಪ್ಪ ಮಗಳ ಕೈ ಹಿಡಿದು ಕಣ ಸುತ್ತಿದ. ಎಂದಿನಂತೆ ಕೂಗಲಿಲ್ಲ, ಬರೀ ಸುತ್ತಿದ. ಟ್ರೇಲಿಯ ಮುಂದೆ ಬಂದಾಗ ಮೇಲಿಂದ ದನಿ ಬಂತು:

“ವಸ್ತಾದ್ರ, ಯಾಕ ಸುಮ್ಮಗದೀರಿ? ಹುಡಿಗಿಗೆ ಹಾಲು ಕುಡಿಸಿಲ್ಲೇನು?”

ಪರಸಪ್ಪ ನಿಂತ. ಎದೆ ಉಬ್ಬಿಸಿದ. “ನಾಲ್ಕ ಎಮ್ಮೀ ಹಾಲ ಕುಡಿಸೇನ್ರೀ!” ಎಂದು ಗುಡುಗಿದ. ಎರಡು ವರ್ಷದಿಂದ ಹಸಿದಿದ್ದ ಜನ ಸಿಳ್ಳು, ಚಪ್ಪಾಳೆ, ಹಲಗಿಗಳಿಂದ ಆಕಾಶ ಹರಿದರು.

ಕುಸ್ತಿ ಹಿಡಿಯಿತು. ಶೇವಂತಿ ಎತ್ತರದ ಹುಡುಗಿ, ತೋಳಿನಲ್ಲಿ ಭಾರೀ ಕಸುವು. ಪ್ರತಿಮಾ ಅಪ್ಪನ ಹಾಗೆ ಬಡಕಲು, ಆದರೆ ಹಾವಿನಂತೆ ಜಾರುತ್ತಿದ್ದಳು. ಶೇವಂತಿ ಮೊದಲ ಹಿಡಿತಕ್ಕೇ ಅವಳನ್ನು ಎತ್ತಿ ಮಣ್ಣಿಗೆ ಒಗೆದಳು. ಬಾಯಿ ಏನನ್ನೂ ಮುಚ್ಚಿಡಲಿಲ್ಲ:

“ಪ್ರತಿಮಾ ಸಂಕಟದಾಗ ಅದಾಳ! ಒಂದು ಭುಜ ಮಣ್ಣಿಗೆ ಹತ್ತೇತಿ! ಇನ್ನೊಂದು ಹತ್ತಿದ್ರ ಮುಗೀತು! ಶೇವಂತಿ ಒತ್ತಾಕತ್ತಾಳ, ಒತ್ತಾಕತ್ತಾಳ... ಪ್ರತಿಮಾ ಕುತಗಿ ಮ್ಯಾಲ ನಿಂತಾಳ್ರೀ, ಬರೇ ಕುತಗಿ ಮ್ಯಾಲ! ಕಮಾನಿನಂಗ ಬಾಗ್ಯಾಳ! ಉಳದಳು! ಹೊಳ್ಳಿ ಎದ್ದಳು!”

ಪರಸಪ್ಪ ಕಣದ ಅಂಚಿನಲ್ಲಿ ಕುಕ್ಕರಗಾಲಿನಲ್ಲಿ ಕೂತು ಮಣ್ಣನ್ನು ಮುಷ್ಟಿ ಮುಷ್ಟಿ ಹಿಡಿಯುತ್ತಿದ್ದ. ಶೇವಂತಿ ಮತ್ತೆ ನುಗ್ಗಿದಳು. ಈ ಸಲ ಪ್ರತಿಮಾ ಹಿಂದೆ ಸರಿಯದೆ ಅವಳ ತೋಳಿನ ಕೆಳಗೆ ನುಸುಳಿ, ಕಾಲಿಗೆ ಕಾಲು ಹೆಣೆದು, ಸೊಂಟ ತಿರುಗಿಸಿದಳು. ಇದಕ್ಕೆ ಢಾಕ್ ಎನ್ನುತ್ತಾರೆ. ಕೈಗೂಡಿದರೆ ಎದುರಿನವರು ನೆಲ ಕಾಣುವ ಮೊದಲು ಮುಗಿಲು ಕಾಣುತ್ತಾರೆ.

“ಕಾಲು ಹೆಣದಳು! ಸೊಂಟ ಕೊಟ್ಟಳು! ಢಾಕ್! ಢಾಕ್! ಎತ್ತಿದಳೂ... ಒಗದಳೂ... ಚಿ...”

‘ಚಿತ್’ ಎಂಬ ಆ ಮಾತು ಎಷ್ಟು ಮೇಲೆ ಹೋಯಿತೆಂದರೆ ನಡುವೆಯೇ ಹರಿದುಹೋಯಿತು. ಮೈಕಿನಿಂದ ಬರೀ ಗಾಳಿ ಬಂತು. ಹೇಳುವ ಅಗತ್ಯವೂ ಇರಲಿಲ್ಲ. ಶೇವಂತಿಯ ಎರಡೂ ಭುಜ ಮಣ್ಣಿನಲ್ಲಿ ಅಚ್ಚೊತ್ತಿದ್ದವು, ಇಬ್ಬರು ಪಂಚರೂ ಒಟ್ಟಿಗೆ ಕೈ ಎತ್ತಿದ್ದರು. ಪ್ರತಿಮಾ ಶೇವಂತಿಯನ್ನು ಕೈ ಹಿಡಿದು ಎಬ್ಬಿಸಿದಳು. ಶೇವಂತಿ ಅಳು ನುಂಗಿಕೊಂಡು ಅವಳನ್ನು ಹೆಗಲ ಮೇಲೆ ಎತ್ತಿದಳು. ಪರಸಪ್ಪ ಓಡಿಹೋಗಿ ಇಬ್ಬರ ತಲೆಗೂ ತನ್ನ ಒಂದೇ ರುಮಾಲನ್ನು ಸುತ್ತಲು ನೋಡಿದ, ಮೂವರೂ ಆಯತಪ್ಪಿ ಮಣ್ಣಿಗೆ ಬಿದ್ದರು.

ಆದರೆ ಮೇಲೆ ಟ್ರೇಲಿಯಲ್ಲಿ ಬಾಯಿ ಗಂಟಲು ಹಿಡಿದುಕೊಂಡಿದ್ದರು. ಮಾತೇ ಹೊರಡುತ್ತಿಲ್ಲ. ದಿನದ ಕೊನೆಯ ದೊಡ್ಡ ಕುಸ್ತಿ ಇನ್ನೂ ಬಾಕಿ; ಪೈಲ್ವಾನರು ಆಗಲೇ ತೊಡೆ ತಟ್ಟುತ್ತಿದ್ದರು. ಕಮಿಟಿಯವರು ಕಂಗಾಲು. ಬಾಯಿ ಕೆಳಗೆ ನೋಡಿ, ಪರಸಪ್ಪನನ್ನು ಕೈ ಸನ್ನೆಯಿಂದ ಕರೆದು, ಮೈಕನ್ನು ಅವನ ಮುಂದೆ ಹಿಡಿದರು.

“ನಾ ಏನ ಹೇಳ್ಲಿರಿ ಬಾಯಾರ!” ಅವನು ನಿಜವಾಗಿ ಹೆದರಿದ್ದ. ಬಾಯಿ ಬಿಡಲಿಲ್ಲ, ಕೈಗೆ ತುರುಕಿದರು.

“ಹಾಂ... ಕುಸ್ತಿ ಸುರು ಆತ್ರಿ. ಒಬ್ಬಾಂವಂದು ಕೆಂಪ ಲಂಗೋಟ. ಇನ್ನೊಬ್ಬಾಂವಂದೂ... ಕೆಂಪ ಐತಿ. ಕೆಂಪಿನಾಂವ ಕೆಂಪಿನಾಂವನ್ನ ಹಿಡದಾನ! ಬಿಟ್ಟಾನ! ಹಿಡದಾನ!” ಜನ ನಕ್ಕು ನಕ್ಕು ಒಬ್ಬರ ಮೇಲೊಬ್ಬರು ಬಿದ್ದರು. “ನಗಬ್ಯಾಡ್ರಲೇ! ಬಂದು ನೀವು ಹೇಳಿ ನೋಡ್ರಿ. ಯಾವ ಕಾಲು ಯಾರದೋ ಒಂದೂ ತಿಳಿವಲ್ದು!”

ಬಾಯಿ ನೀರು ತುಂಬಿದ ಕಣ್ಣಿನಿಂದ ನಗುತ್ತ, ಟ್ರೇಲಿಯ ಅಂಚಿಗೆ ಕೂತು, ಯಾರೋ ಕೊಟ್ಟ ಬಿಸಿ ಚಹಾ ಕುಡಿಯತೊಡಗಿದರು. ಕುಸ್ತಿ ಮುಗಿದ ಮೇಲೆ ಪರಸಪ್ಪ ಮೈಕು ವಾಪಸು ಕೊಡಲು ಹೋದ.

“ತಗೋರಿ ಬಾಯಾರ. ಕುಸ್ತಿ ಆಡೂದು ಹಗರ ಐತಿ, ಕುಸ್ತಿ ಹೇಳೂದು ಭಾಳ ಜಡ.”

ಬಾಯಿ ತಲೆ ಅಲ್ಲಾಡಿಸಿ, ಮುಂದುವರಿಸಿ ಎಂದು ಸನ್ನೆ ಮಾಡಿದರು. ಸರಿ, ಪರಸಪ್ಪ ವಂದನಾರ್ಪಣೆಗೆ ಇಳಿದ. ಕಮಿಟಿಗೆ, ಹಲಗಿಯವರಿಗೆ, ಮೈಕಿನವನಿಗೆ, ಭಜಿ ಅಂಗಡಿಯವನಿಗೆ, ಸೋತ ಪೈಲ್ವಾನರ ಅವ್ವಂದಿರಿಗೆ, ಹಾಲು ಕೊಟ್ಟ ಎಮ್ಮೆಗಳಿಗೆ. ಜನ ಒಬ್ಬರೂ ಎದ್ದು ಹೋಗಲಿಲ್ಲ.